ಪರದೆಯಿಲ್ಲದ ಪೆಟ್ಟಿಗೆಯ ಚರಿತ್ರೆ

ಸೇಡಂ ಮನೆಯಲ್ಲಿಟ್ಟಿರುವ ರಾಸ್‌ಬೆರಿ ಪೈ ಅಂಗೈಯಗಲದ ಲಿನಕ್ಸ್ ಯಂತ್ರ. ಪರದೆಯಿಲ್ಲ, ಕೀಲಿಮಣೆಯಿಲ್ಲ. ಸಂಪರ್ಕ ತಪ್ಪಿದರೆ ನಾನು ವಾಡಿಯಲ್ಲಿ ರೈಲು ಹತ್ತಿ, ಚಿತ್ತಾಪುರ ದಾಟಿ ಹೋಗಬೇಕು!

ಹೋದ ತಿಂಗಳು ಹೊಸ ಕಾರ್ಡು ಹಾಕಿ, ಹಳೇ ರೂಢಿಯಂತೆ ಬೂಟ್ ವಿಭಾಗದಲ್ಲಿ ವೈಫೈ ಕಡತ ಇಟ್ಟೆ. ಪೈ ಮಾತೇ ಆಡಲಿಲ್ಲ. ಚರಿತ್ರೆ ಕೆದಕಿದೆ. 2012ರಲ್ಲಿ ಪೈ ಬಂದಾಗ ಡೆಬಿಯನ್ನಿನ ಇಂಟರ್‌ಫೇಸಸ್ ಕಡತದ್ದೇ ಕಾರುಬಾರು. 2015ರಲ್ಲಿ ಡಿಎಚ್‌ಸಿಪಿಸಿಡಿ ಬಂತು. 2023ರ ಅಕ್ಟೋಬರಿನ ಬುಕ್‌ವರ್ಮ್ ಆವೃತ್ತಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಯಜಮಾನನಾಯಿತು. ನನ್ನ ಕಡತ ಓದುವವರೇ ಇಲ್ಲ!

ಈ ಮ್ಯಾನೇಜರನ್ನು 2004ರಲ್ಲಿ ರೆಡ್‌ಹ್ಯಾಟ್ ಶುರುಮಾಡಿತು. ಎದುರಿಗೆ ಯಾರೋ ಕೂತಿರ್ತಾರೆ ಅಂದುಕೊಂಡೇ ಮಾಡಿದ್ದಿರಬೇಕು: ಸಂಪರ್ಕ ನಾಲ್ಕು ಸಲ ಸೋತರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ಆಟೋಕನೆಕ್ಟ್-ರಿಟ್ರೈಸ್ ಅನ್ನೋದನ್ನ ಸೊನ್ನೆ ಮಾಡಿದೆ. ಇಲ್ಲಿ ಸೊನ್ನೆ ಅಂದರೆ, ಬಿಡದೆ ಪ್ರಯತ್ನಿಸು ಅಂತ.

ನಿನ್ನೆ ಸೇಡಂನಲ್ಲಿ ಕರೆಂಟ್ ಹೋಗಿ ಬಂತು. ವಾಡಿಯಲ್ಲಿ ಕೂತೇ ಲಾಗಿನ್ ಆದೆ.