ಒಡಂಬಡಿಕೆಯೂ ಸ್ತ್ರೀಯೂ

ಪ್ರಜೆಗಳ ಸಮ್ಮತಿಯೇ ಪ್ರಭುತ್ವಕ್ಕೆ ಮೂಲವೆಂಬುದು ಪಾಶ್ಚಾತ್ಯ ರಾಜನೀತಿಶಾಸ್ತ್ರದ ಪ್ರಧಾನ ಸಿದ್ಧಾಂತಗಳಲ್ಲೊಂದು. ಆ ಸಮ್ಮತಿಯನ್ನು ಕೊಟ್ಟವರಲ್ಲಿ ಸ್ತ್ರೀಯರೂ ಇದ್ದರೇ ಎಂಬ ಪ್ರಶ್ನೆಯನ್ನು ಮೂಲಗ್ರಂಥಗಳ ಪರಿಶೀಲನೆಯಿಂದಲೇ ಎತ್ತಿ ವಿಸ್ತಾರವಾಗಿ ವಿಚಾರಿಸಿದವರಲ್ಲಿ ಆಂಗ್ಲ ವಿದುಷಿ ಕ್ಯಾರೊಲ್ ಪೇಟ್‌ಮನ್ ಅಗ್ರಗಣ್ಯರು.

1940ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದ ಇವರು 16ನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟು ಗುಮಾಸ್ತೆಯಾಗಿ ದುಡಿದರು. 1963ರಲ್ಲಿ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜನ್ನು ಸೇರಿ ವ್ಯಾಸಂಗವನ್ನು ಮುಂದುವರಿಸಿ, ಅನಂತರ ಸಿಡ್ನಿಯಲ್ಲಿಯೂ ಲಾಸ್ ಏಂಜಲೀಸಿನಲ್ಲಿಯೂ ಅಧ್ಯಾಪಕರಾದರು. ಇವರ ‘ದಿ ಸೆಕ್ಷುಯಲ್ ಕಾಂಟ್ರಾಕ್ಟ್’ ಎಂಬ ಗ್ರಂಥವು 1988ರಲ್ಲಿ ಪ್ರಕಟವಾಯಿತು.

17ನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಫಿಲ್ಮರನು, ತಂದೆಗೆ ಮಕ್ಕಳ ಮೇಲಿರುವ ಅಧಿಕಾರವೇ ರಾಜಾಧಿಕಾರಕ್ಕೆ ಮೂಲವೆಂದು ವಾದಿಸಿದನು. ಜಾನ್ ಲಾಕನು ಅದನ್ನು ಖಂಡಿಸಿ, ಮನುಷ್ಯರು ಸ್ವಭಾವತಃ ಸ್ವತಂತ್ರರು, ಸಮಾನರು. ಅವರ ಒಡಂಬಡಿಕೆಯಿಂದಲೇ ರಾಜ್ಯವು ಹುಟ್ಟುವುದೆಂದು ಸಾಧಿಸಿದನು. ಆದರೆ ಅದೇ ಲಾಕನು, ದಂಪತಿಗಳಲ್ಲಿ ಅಭಿಪ್ರಾಯಭೇದವುಂಟಾದಾಗ ಕಡೆಯ ತೀರ್ಮಾನವು ಹೆಚ್ಚು ಸಮರ್ಥನೂ ಬಲಶಾಲಿಯೂ ಆದ ಗಂಡನಿಗೆ ಸೇರತಕ್ಕದ್ದೆಂದನು. ಸ್ವಭಾವದಿಂದ ಅಧಿಕಾರವು ಹುಟ್ಟದೆಂದು ಅರಮನೆಯಲ್ಲಿ ಹೇಳಿದುದನ್ನು ಮನೆಯಲ್ಲಿ ಮರೆತಂತಾಯಿತು.

ಪೇಟ್‌ಮನ್ನರು ಹಿಡಿದುದು ಈ ಎಳೆಯನ್ನೇ. ತಂದೆಯ ಆಳ್ವಿಕೆಯು ಅಳಿದರೂ ಪುರುಷನ ಆಳ್ವಿಕೆಯು ಅಳಿಯಲಿಲ್ಲ; ಪುತ್ರರು ಸೋದರರಾಗಿ ಅದನ್ನು ಹಂಚಿಕೊಂಡರು. ಫ್ರಾನ್ಸಿನ ಕ್ರಾಂತಿಯ ಘೋಷವಾಕ್ಯದಲ್ಲಿರುವ ‘ಭ್ರಾತೃತ್ವ’ವೆಂಬ ಪದವನ್ನು ಅದರ ವಾಚ್ಯಾರ್ಥದಲ್ಲಿಯೇ ತೆಗೆದುಕೊಳ್ಳಬೇಕೆಂಬುದು ಇವರ ಅಭಿಮತ.

ಇದು ಕೇವಲ ಶಬ್ದವಿಚಾರವಲ್ಲ. ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶನ ಧರ್ಮಶಾಸ್ತ್ರಗ್ರಂಥವು, ಅವನು ಗತಿಸಿದ ಬಹುಕಾಲಾನಂತರ, 1736ರಲ್ಲಿ ಅಚ್ಚಾಯಿತು. ವಿವಾಹದಲ್ಲಿ ಒಮ್ಮೆ ತನ್ನನ್ನು ಒಪ್ಪಿಸಿಕೊಂಡ ಪತ್ನಿಯು ಆ ಸಮ್ಮತಿಯನ್ನು ಹಿಂತೆಗೆದುಕೊಳ್ಳಲಾರಳು. ಆದ್ದರಿಂದ ಪತಿಯ ಬಲಾತ್ಕಾರವು ಅಪರಾಧವಾಗದು ಎಂದು ಅದರಲ್ಲಿತ್ತು. ದೊರೆಗೆ ಕೊಟ್ಟ ಸಮ್ಮತಿಯನ್ನು ಪ್ರಜೆಗಳು ಹಿಂತೆಗೆದುಕೊಳ್ಳಬಹುದೆಂಬ ವಾದವು ಬೆಳೆದ ನಾಡಿನಲ್ಲಿಯೇ, ಹೆಂಡತಿಯ ಒಂದು ಮಾತು ಅವಳನ್ನು ಆಜೀವವೂ ಕಟ್ಟಿಹಾಕಿತು. ಹೌಸ್ ಆಫ್ ಲಾರ್ಡ್ಸ್ ನ್ಯಾಯಸ್ಥಾನವು ಈ ನಿಯಮವನ್ನು ತಳ್ಳಿಹಾಕಿದುದು 1991ರಲ್ಲಿ, ಎಂದರೆ ಪೇಟ್‌ಮನ್ನರ ಗ್ರಂಥವು ಹೊರಬಂದ ಮೂರು ವರ್ಷಗಳ ಮೇಲೆ.

ಗ್ರಂಥಕ್ಕೆ ಆಕ್ಷೇಪಗಳೂ ಬಂದವು. ಈ ಕಾಲದ ಸ್ತ್ರೀಯ ಪರಾಧೀನತೆಯು ಒಡೆಯ-ಆಳುಗಳ ಸಂಬಂಧದಂತೆ ಒಬ್ಬ ಪುರುಷನಿಂದ ಮಾತ್ರ ಬರುವುದಲ್ಲ, ಸಮಾಜದ ಒಟ್ಟು ರಚನೆಯಿಂದಲೇ ಬರುವುದೆಂದು ನ್ಯಾನ್ಸಿ ಫ್ರೇಸರ್ 1993ರಲ್ಲಿ ವಾದಿಸಿದರು. ಚಾರ್ಲ್ಸ್ ಮಿಲ್ಸ್ ಎಂಬ ತತ್ತ್ವಜ್ಞರು ಇದರಿಂದಲೇ ಪ್ರೇರಿತರಾಗಿ, ಕರಿಯರನ್ನು ಹೊರಗಿಟ್ಟ ಒಡಂಬಡಿಕೆಯನ್ನು ಕುರಿತು 1997ರಲ್ಲಿ ಬರೆದರು. 2012ರಲ್ಲಿ ಪೇಟ್‌ಮನ್ನರಿಗೆ ಸ್ವೀಡನ್ನಿನ ಯೋಹಾನ್ ಶುಟ್ಟೆ ಪಾರಿತೋಷಕವು ದೊರೆಯಿತು.

ಬೇಡವೆನ್ನುವ ಅಧಿಕಾರವಿಲ್ಲದವರ ಒಪ್ಪಿಗೆಯು ಒಪ್ಪಿಗೆಯೇ ಅಲ್ಲವೆಂಬ ತತ್ತ್ವವು ರಾಜ್ಯಕ್ಕೆ ಸಲ್ಲುವುದಾದರೆ ಗೃಹಕ್ಕೂ ಸಲ್ಲಬೇಕು. ಇದನ್ನು ರಾಜನೀತಿಶಾಸ್ತ್ರದ ಒಳಗಿನಿಂದಲೇ ತೋರಿಸಿಕೊಟ್ಟುದು ಈ ವಿದುಷಿಯ ವಿಶೇಷವು.