ಬೇಡಿಕೆ ಮತ್ತು ಅಗತ್ಯ: ಹಡಗೇರಿದ ಅನಿಲದ ಚರಿತ್ರೆ

ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದರೆ ಅದು ದ್ರವವಾಗುತ್ತದೆ. ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಕೊಳವೆ ಹಾಕಲಾಗದ ದೂರಕ್ಕೂ ಅನಿಲ ಹಡಗೇರಿ ಹೋಗುವಂತಾದದ್ದು ಈ ಗುಣದಿಂದಲೇ. 1959ರಲ್ಲಿ ‘ಮೀಥೇನ್ ಪಯೋನಿಯರ್’ ಎಂಬ ಹಡಗು ಅಮೆರಿಕದ ಲೂಸಿಯಾನಾದಿಂದ ಇಂಗ್ಲೆಂಡಿಗೆ ಇಂತಹ ಮೊದಲ ಸರಕನ್ನು ಮುಟ್ಟಿಸಿತು. 1964ರಲ್ಲಿ, ಸ್ವಾತಂತ್ರ್ಯ ಪಡೆದು ಎರಡೇ ವರ್ಷವಾಗಿದ್ದ ಅಲ್ಜೀರಿಯಾ ಇದರ ವಾಣಿಜ್ಯ ರಫ್ತನ್ನು ಆರಂಭಿಸಿತು.

ಅಂದಿನ ವ್ಯಾಪಾರ ನಿಂತದ್ದು ಕರಾರಿನ ಮೇಲೆ. ದ್ರವೀಕರಣ ಘಟಕ, ವಿಶೇಷ ಹಡಗು, ಸರಕು ಇಳಿಸುವ ಟರ್ಮಿನಲ್ ಎಲ್ಲಕ್ಕೂ ಅಪಾರ ಬಂಡವಾಳ ಬೇಕು. ಇಪ್ಪತ್ತು, ಇಪ್ಪತ್ತೈದು ವರ್ಷ ಕೊಳ್ಳುವುದಾಗಿ ಯಾರಾದರೂ ಮಾತು ಕೊಡದೆ ಹಣ ಹೂಡುವವರಿರಲಿಲ್ಲ. ಕತಾರಿನ ನಾರ್ತ್ ಫೀಲ್ಡ್ 1971ರಲ್ಲೇ ಪತ್ತೆಯಾದರೂ ಅಲ್ಲಿಂದ ಮೊದಲ ಹಡಗು ಜಪಾನಿಗೆ ಹೊರಟದ್ದು 1996ರ ಕೊನೆಗೆ. ಭಾರತ 1999ರಲ್ಲಿ ವರ್ಷಕ್ಕೆ 75 ಲಕ್ಷ ಟನ್ನಿಗೆ ಕತಾರಿನೊಂದಿಗೆ ಕರಾರು ಮಾಡಿಕೊಂಡಿತು. 2004ರಲ್ಲಿ ಗುಜರಾತಿನ ದಹೇಜ್‌ಗೆ ಮೊದಲ ಹಡಗು ಬಂತು.

ಕ್ರಮೇಣ ಕರಾರಿನ ಪಕ್ಕದಲ್ಲೇ ಇನ್ನೊಂದು ಬಜಾರು ಬೆಳೆಯಿತು. ಅಲ್ಲಿ ಅಂದಂದಿನ ಬೆಲೆ, ಹೆಚ್ಚು ಕೊಟ್ಟವರಿಗೆ ಸರಕು. 2020ರಲ್ಲಿ ಏಷ್ಯಾದ ಈ ಬಜಾರಿನಲ್ಲಿ ಹತ್ತು ಲಕ್ಷ ಬಿಟಿಯು ಅನಿಲದ ಬೆಲೆ 2 ಡಾಲರಿಗಿಂತ ಕೆಳಗಿಳಿದಿತ್ತು. 2022ರಲ್ಲಿ ಅದೇ ಬೆಲೆ 60 ಡಾಲರನ್ನೂ ದಾಟಿತು. ಉಕ್ರೇನ್ ಯುದ್ಧದಿಂದ ರಷ್ಯಾದ ಕೊಳವೆ ಅನಿಲ ಕಳೆದುಕೊಂಡ ಯುರೋಪು ಸಿಕ್ಕ ಹಡಗನ್ನೆಲ್ಲ ಕೊಂಡಿತು. ಜರ್ಮನಿ ಕೆಲವೇ ತಿಂಗಳಲ್ಲಿ ತೇಲುವ ಟರ್ಮಿನಲ್ ಸಜ್ಜುಗೊಳಿಸಿತು. ಅದೇ ವರ್ಷ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗುಗಳಿಗೆ ಟೆಂಡರ್ ಕರೆದರೆ ಒಬ್ಬನೂ ಮುಂದೆ ಬರಲಿಲ್ಲ. ಬಾಂಗ್ಲಾದೇಶ ಆ ಬಜಾರಿನಲ್ಲಿ ಕೊಳ್ಳುವುದನ್ನೇ ನಿಲ್ಲಿಸಿ ಕತ್ತಲೆಯ ಸರದಿ ಜಾರಿಗೆ ತಂದಿತು. ಅಲ್ಲಿನ ಅಂಗಡಿಗಳು ರಾತ್ರಿ ಎಂಟಕ್ಕೇ ಬಾಗಿಲು ಹಾಕಬೇಕಾಯಿತು.

ವಿಶ್ಲೇಷಕರು ಇದನ್ನು ‘ದಕ್ಷಿಣ ಏಷ್ಯಾದಲ್ಲಿ ಬೇಡಿಕೆ ಕುಸಿತ’ ಎಂದು ಬರೆದುಕೊಂಡರು. ನಾವು ಗಮನಿಸಬೇಕಾದದ್ದು ಈ ಮಾತನ್ನೇ. ಢಾಕಾದ ಸೆಖೆ ಆ ವರ್ಷ ಕಡಿಮೆಯಾಗಿರಲಿಲ್ಲ, ಕಾರ್ಖಾನೆಯ ಹೊಲಿಗೆ ಯಂತ್ರಕ್ಕೆ ವಿದ್ಯುತ್ ಬೇಡವಾಗಿರಲಿಲ್ಲ. ಅಗತ್ಯ ಇದ್ದಲ್ಲೇ ಇತ್ತು; ಕೊಳ್ಳುವ ಶಕ್ತಿ ಕುಸಿದಿತ್ತು. ಕನ್ನಡದಲ್ಲಿ ಬೇಡಿಕೆಯೆಂದರೆ ಬೇಡುವುದು. ಬಜಾರಿನ ಲೆಕ್ಕದಲ್ಲಿ ಮಾತ್ರ, ಕೊಡಲು ಹಣವಿಲ್ಲದವನು ಬೇಡಿದರೂ ಅದು ಬೇಡಿಕೆಯಲ್ಲ.

ಹೀಗೆ ಹೊರಗುಳಿದವರು ಕಾಯುತ್ತ ಕೂರಲಿಲ್ಲ. ಪಾಕಿಸ್ತಾನ ಸರ್ಕಾರ 2023ರಲ್ಲಿ ದೇಶೀಯ ಕಲ್ಲಿದ್ದಲಿನತ್ತ ತಿರುಗುವುದಾಗಿ ಹೇಳಿತು. ಜನರು ತಮ್ಮ ಮಾಳಿಗೆಗಳತ್ತ ತಿರುಗಿದರು: 2024ರಲ್ಲಿ ಆ ದೇಶ ಆಮದು ಮಾಡಿಕೊಂಡ ಸೌರಫಲಕಗಳ ಸಾಮರ್ಥ್ಯ ಸುಮಾರು 17 ಗಿಗಾವ್ಯಾಟ್. ಎರಡು ವರ್ಷದ ಹಿಂದೆ ಹಡಗು ಸಿಗದೆ ಪರದಾಡಿದ ದೇಶವೇ, ಕರಾರಿನಂತೆ ಬರಬೇಕಿದ್ದ ಕತಾರಿನ ಹಡಗುಗಳನ್ನು ಮುಂದೂಡಿರೆಂದು ಕೇಳಿಕೊಂಡಿತು. ಅದೇ 2024ರಲ್ಲಿ ಕತಾರ್, ವಾರ್ಷಿಕ ಉತ್ಪಾದನಾ ಸಾಮರ್ಥ್ಯವನ್ನು 7.7 ಕೋಟಿ ಟನ್ನಿನಿಂದ 2030ರೊಳಗೆ 14.2 ಕೋಟಿಗೆ ಏರಿಸುವ ಯೋಜನೆ ಪ್ರಕಟಿಸಿತು. ಆ ಅನಿಲವನ್ನು ಕೊಳ್ಳುವವರು ಬಹುಪಾಲು ಏಷ್ಯಾದವರೇ ಎಂಬ ನಂಬಿಕೆ ಇದರ ಹಿಂದಿತ್ತು.

ನಮ್ಮ ಕರಾವಳಿಗೂ ಈ ಲೆಕ್ಕ ದೂರದ್ದಲ್ಲ. 2021ರಲ್ಲಿ ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಕೊಳವೆಯಲ್ಲಿ ಹರಿಯುವುದು ಹಡಗಿನಲ್ಲಿ ಬಂದ ಅನಿಲ. ಪಣಂಬೂರಿನ ಯೂರಿಯಾ ಕಾರ್ಖಾನೆ ನಾಫ್ತಾ ಬಿಟ್ಟು ಅದನ್ನೇ ಅವಲಂಬಿಸಿತು. ಆದ್ದರಿಂದ ಜಾಗತಿಕ ಬೇಡಿಕೆಯ ಮುನ್ನೋಟಗಳನ್ನು ಓದುವಾಗ ಒಂದು ಪ್ರಶ್ನೆ ನಮ್ಮ ಬಳಿ ಇರಲಿ: ಈ ಅಂಕಿಯೊಳಗೆ ಎಣಿಸಲ್ಪಟ್ಟವರು ಯಾರು, ಬೆಲೆ ಏರಿದ ದಿನ ಅದರಿಂದ ಹೊರಬೀಳುವವರು ಯಾರು?