ಅರಸರ ಮೋಟಾರುಗಳು ಮತ್ತು ನಮ್ಮ ಮನೆಯ ಜಾವಾ

ಊರಿನಿಂದ ನೆಂಟರು ಬಂದರೆ ಅಹಮದಾಬಾದಿನಲ್ಲಿ ನಾವು ತೋರಿಸುವ ಸ್ಥಳಗಳು ಯಾವುವೆಂಬುದು ವಾಚಕರಿಗೆ ತಿಳಿದೇ ಇದೆ: ಸಾಬರಮತಿ ಆಶ್ರಮ, ಅಡಾಲಜದ ಮೆಟ್ಟಿಲು ಬಾವಿ, ಕಾಂಕರಿಯಾ ಕೆರೆ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕೆಂದು ನನ್ನ ವಿನಂತಿ. ಅದು ನಗರದ ಹೊರವಲಯದ ಕಠವಾಡಾದಲ್ಲಿ, ದಾಸ್ತಾನ್ ಎಸ್ಟೇಟಿನಲ್ಲಿರುವ ಹಳೆಯ ಮೋಟಾರುಗಳ ಸಂಗ್ರಹಾಲಯ. ಕೈಗಾರಿಕೋದ್ಯಮಿ ಪ್ರಾಣಲಾಲ್ ಭೋಗಿಲಾಲ್ ಅವರು ಜೀವಮಾನವಿಡೀ ಕೂಡಿಸಿದ ನೂರಕ್ಕೂ ಹೆಚ್ಚು ಕಾರುಗಳು ಅಲ್ಲಿವೆ. ಅವರು 2011ರಲ್ಲಿ ತೀರಿಕೊಂಡರು. ರೋಲ್ಸ್ ರಾಯ್ಸ್, ಬೆಂಟ್ಲಿ, ಡೈಮ್ಲರ್, ಪ್ಯಾಕಾರ್ಡ್, ಕ್ಯಾಡಿಲಾಕ್ ಹೀಗೆ ಸಾಲಾಗಿ ನಿಂತ ಗಾಡಿಗಳ ನಡುವೆ ನಡೆದರೆ ಅರಮನೆಯ ಲಾಯಕ್ಕೆ ಹೊಕ್ಕಂತಾಗುತ್ತದೆ.

ಇಂಥ ಗಾಡಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಕಂಪನಿಯವರು ಮಾರುತ್ತಿದ್ದುದು ಇಂಜಿನು ಮತ್ತು ಚಾಸಿಯನ್ನು ಮಾತ್ರ. ಮೇಲಿನ ಮೈಯನ್ನು ಕಟ್ಟುವವರು ಬೇರೆ. ಹೂಪರ್, ಬಾರ್ಕರ್, ಥ್ರಪ್ ಅಂಡ್ ಮೇಬರ್ಲಿ ಮುಂತಾದ ಲಂಡನ್ನಿನ ಮನೆತನಗಳು ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದವು. ದರ್ಜಿಯ ಬಳಿ ಅಳತೆ ಕೊಟ್ಟು ಕೋಟು ಹೊಲಿಸಿದ ಹಾಗೆ, ನಮ್ಮ ಅರಸರು ಅಲ್ಲಿ ಕಾರು ಹೊಲಿಸುತ್ತಿದ್ದರು. ಬೇಟೆಗೆ ಒಂದು, ಮೆರವಣಿಗೆಗೆ ಒಂದು, ಪರದೆಯೊಳಗಿನ ರಾಣಿಯರಿಗೆ ಒಂದು. ರಾಜಸ್ಥಾನದ ಕೋಟಾ ಮಹಾರಾವ್ ಉಮೇದ್ ಸಿಂಗರು ಹುಲಿ ಬೇಟೆಗೆಂದು ಕಟ್ಟಿಸಿದ 1925ರ ರೋಲ್ಸ್ ರಾಯ್ಸ್ 2011ರಲ್ಲಿ ಅಮೆರಿಕದಲ್ಲಿ ಹರಾಜಿಗೆ ಬಂದಿತ್ತು. ಮೈಸೂರರಸರು ರೋಲ್ಸ್ ರಾಯ್ಸ್ ಗಾಡಿಗಳನ್ನು ಏಳರ ಲೆಕ್ಕದಲ್ಲಿ ಕೊಳ್ಳುತ್ತಿದ್ದರೆಂಬ ಮಾತಂತೂ ಜನರ ಬಾಯಲ್ಲಿ ಇಂದಿಗೂ ಇದೆ.

ಅಮೆರಿಕದಲ್ಲಿ ಇದೇ ಆಸೆ ಬೇರೆ ರೂಪ ತಾಳಿತು. ಅಲ್ಲಿ ಹಣವಿಲ್ಲದ ಹುಡುಗರು 1932ರ ಫೋರ್ಡಿನಂಥ ಅಗ್ಗದ ಹಳೆಯ ಗಾಡಿ ತಂದು, ಮಡ್‌ಗಾರ್ಡು ಕಿತ್ತು, ಇಂಜಿನಿಗೆ ಬಲ ತುಂಬಿ ವೇಗದ ಪಂದ್ಯಕ್ಕೆ ಇಳಿಸಿದರು. ಇವೇ ಹಾಟ್ ರಾಡ್‌ಗಳು. ಗ್ಯಾರೇಜಿನಲ್ಲಿ ಹುಟ್ಟಿದ ಈ ಗಾಡಿಗಳೂ ಈಗ ಹರಾಜು ಕಟ್ಟೆಯಲ್ಲಿ ಭಾರಿ ಬೆಲೆ ಪಡೆಯುತ್ತವೆ. ಗುಜರಾತಿನ ಹಾಟ್ ರಾಡ್ ಯಾವುದೆಂದು ಕೇಳಿದರೆ ನಾನು ಛಕಡೋ ಎನ್ನುತ್ತೇನೆ. ಮುಂದೆ ಬುಲೆಟ್ ಮೋಟಾರ್ ಸೈಕಲ್, ಹಿಂದೆ ಎರಡು ಚಕ್ರದ ತೊಟ್ಟಿ, ನಡುವೆ ಡೀಸೆಲ್ ಇಂಜಿನು! ಸೌರಾಷ್ಟ್ರದ ಹಳ್ಳಿಗರನ್ನು ಹೊತ್ತ ಆ ಗಾಡಿಯನ್ನು ಹರಾಜಿನಲ್ಲಿ ಯಾರೂ ಕೇಳುವುದಿಲ್ಲ, ಅಷ್ಟೆ.

ಅರಸರ ಗಾಡಿಗಳಿಗೆ ಕಷ್ಟಕಾಲ ಬಂದದ್ದು ಸ್ವಾತಂತ್ರ್ಯಾನಂತರ. ಸಂಸ್ಥಾನಗಳು ವಿಲೀನವಾದವು, 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನವೂ ನಿಂತಿತು. ಒಂದು ಲೀಟರಿಗೆ ಮೂರು ನಾಲ್ಕು ಕಿಲೋಮೀಟರು ಓಡುವ ಆನೆಯನ್ನು ಸಾಕುವವರು ಯಾರು? ಕೆಲವು ಗುಜರಿಗೆ ಹೋದವು, ಕೆಲವು ಮದುವೆ ಮೆರವಣಿಗೆಗೆ ಇಳಿದವು, ಎಷ್ಟೋ ಹಡಗು ಹತ್ತಿ ಹೊರದೇಶಕ್ಕೆ ಹೋದವು. ರಾಜಕೋಟದ ಠಾಕೋರ್ ಸಾಹೇಬರಿಗಾಗಿ 1934ರಲ್ಲಿ ಥ್ರಪ್ ಅಂಡ್ ಮೇಬರ್ಲಿಯವರು ಮೈ ಕಟ್ಟಿದ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಕಾವಿ ಬಣ್ಣದ ರೋಲ್ಸ್ ರಾಯ್ಸ್ 1960ರ ದಶಕದ ಕೊನೆಗೆ ಹಾಗೆಯೇ ಹೋಯಿತು. ಸುಮಾರು ನಾಲ್ಕು ದಶಕಗಳ ನಂತರ, 2010ರ ಸುಮಾರಿಗೆ, ಅದೇ ಮನೆತನದವರು ಅದನ್ನು ಕೊಂಡು ಮತ್ತೆ ರಾಜಕೋಟಕ್ಕೆ ತಂದರು. ಹಿರಿಯರು ಕೊಂಡದ್ದನ್ನು ಕಿರಿಯರು ಇನ್ನೊಮ್ಮೆ ಕೊಳ್ಳಬೇಕಾಯಿತು. ಕಳೆದುಕೊಂಡ ಮೇಲೆ ತಿಳಿಯುವ ಬೆಲೆಯೇ ಬೇರೆ.

2023ರ ಜನವರಿಯಲ್ಲಿ ಬಡೋದೆಯ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ಇಂಥ ಗಾಡಿಗಳ ದೊಡ್ಡ ಪ್ರದರ್ಶನ ನಡೆಯಿತು. ನಾನು ಮಗನನ್ನು ಕರೆದುಕೊಂಡು ಹೋಗಿದ್ದೆ. ಹಿಂತಿರುಗುವಾಗ ಅವನು ಕೇಳಿದ: “ಅಪ್ಪಾ, ನಮ್ಮ ಜಾವಾನೂ ಮಾಡಿಫೈ ಮಾಡ್ಸೋಣ್ವಾ?”

ನಮ್ಮ ಜಾವಾ ಎಂದರೆ ನನ್ನ ತಂದೆಯವರು 1969ರಲ್ಲಿ ಮೈಸೂರಿನಲ್ಲಿ ಕೊಂಡ 250 ಸಿ.ಸಿ. ಗಾಡಿ. ಆ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ್ದರು; 1996ರಲ್ಲಿ ಅದು ಮುಚ್ಚಿತು. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರು ಆಗುವ ಆ ಜಾಣ್ಮೆ ಮೈಸೂರಿನವರಿಗೆಲ್ಲ ನೆನಪಿರಬೇಕು. ತಂದೆಯವರು ಹೋದ ಮೇಲೆ ಅದನ್ನು ರೈಲಿನಲ್ಲಿ ತರಿಸಿಕೊಂಡೆ. ನನ್ನ ವರ್ಗಾವಣೆಯ ಜೊತೆ ಅದೂ ಸೂರತ್ತು, ಬಡೋದೆ ಕಂಡಿತು. ಸೂರತ್ತಿನಲ್ಲಿ ಮೆಕ್ಯಾನಿಕ್ ಒಬ್ಬ ಬೇರೆ ಇಂಜಿನು ಕೂರಿಸಿಕೊಡುತ್ತೇನೆಂದ. ವಜ್ರದ ವ್ಯಾಪಾರಿಯೊಬ್ಬರು ನನ್ನ ಎರಡು ತಿಂಗಳ ಸಂಬಳಕ್ಕೆ ಕೇಳಿದರು. ಮನೆ ಸಾಲದ ಕಂತಿನ ದಿನಗಳು. ಮನಸ್ಸು ಅಲುಗಾಡಿದ್ದು ಸುಳ್ಳಲ್ಲ. ಕೊಡಲಿಲ್ಲ.

ಸರಕಾರಿ ನೌಕರನಾದ್ದರಿಂದ ಮಗನಿಗೆ ಕಾನೂನನ್ನೇ ಹೇಳಿದೆ. ಗಾಡಿಯ ಮೂಲ ರಚನೆಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಇಂಜಿನು ಮೂಲದಂತೆಯೇ ಉಳಿದ ಗಾಡಿಗೆ ‘ವಿ.ಎ.’ ಅಕ್ಷರಗಳುಳ್ಳ ವಿಂಟೇಜ್ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದು ಇಂಜಿನು ಬದಲಿಸಿದ್ದರೆ ಈ ಬಾಗಿಲು ಮುಚ್ಚುತ್ತಿತ್ತು.

ಅವನು ಸುಮ್ಮನಾಗಲಿಲ್ಲ. “ರಾಜರು ಅವರಿಗೆ ಬೇಕಾದ ಹಾಗೆ ಮಾಡಿಸ್ಕೊಂಡಿದ್ದನ್ನ ಒರಿಜಿನಲ್ ಅಂತೀರಿ, ನಾನು ಮಾಡಿಸಿದ್ರೆ ಯಾಕಲ್ಲ?” ಪ್ರಶ್ನೆ ನ್ಯಾಯವಾದದ್ದೇ. ನನಗೆ ತೋಚಿದ ಉತ್ತರ ಇಷ್ಟು: ಅವರು ಹೊಸದನ್ನು ಕಟ್ಟಿಸಿದರು, ಇನ್ನೊಬ್ಬರು ಬಳಸಿದ್ದನ್ನು ಅಳಿಸಲಿಲ್ಲ. ನಿನ್ನ ದುಡಿಮೆಯಲ್ಲಿ ನಿನ್ನದೊಂದು ಕಟ್ಟಿಸು. ಅಜ್ಜನದು ಅಜ್ಜನ ಹಾಗೇ ಇರಲಿ.

ಧರ್ಮಸ್ಥಳದಲ್ಲಿಯೂ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿಯೂ ಇಂಥ ಗಾಡಿಗಳನ್ನು ಕಾಪಾಡಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ. ಅದಕ್ಕೂ ಮುಂಚೆ ಒಂದು ಭಾನುವಾರ ಕಠವಾಡಾಕ್ಕೆ ಬನ್ನಿ. ನಮ್ಮ ಮನೆ ದಾರಿಯಲ್ಲೇ ಸಿಗುತ್ತದೆ. ಕಾಫಿ ಕುಡಿದು, ಜಾವಾದ ಸದ್ದನ್ನೂ ಕೇಳಿಕೊಂಡು ಹೋಗಬಹುದು.